ನಮ್ಮ ಭಾವ ಹತ್ತದ ಬಂಡೆ

ನಮ್ಮ ಭಾವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳೋಣವೆಂದು ಬಾಯಿ ತೆರೆಯುವ ಮೊದಲೇ ಅವರ ಕಿವಿ ಕೆಂಪಗಾಗುತ್ತದೆ. ಎದುರಿಗಿದ್ದವರು ಕಿವಿ ನೋಡಿಯೇ ಉತ್ತರ ತಿಳಿದುಕೊಂಡು ಹೊರಟುಹೋಗುತ್ತಾರೆ. ಇಂಥ ಮನುಷ್ಯ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದೇ ಒಂದು ಸುಳ್ಳು ಹೇಳಿದರು. ಅದು ನಂಬಿಕೆಗೆ ಪಾತ್ರವಾಯಿತು. ಕಾರಣ ಇಷ್ಟೆ: ಆ ದಿನ ಚಳಿಗೆಂದು ಅವರು ಕಿವಿ ಮುಚ್ಚುವ ಉಣ್ಣೆ ಟೋಪಿ ಹಾಕಿದ್ದರು.

ಭಾವ ಊರಿನ ಗ್ರಂಥಾಲಯದಲ್ಲಿ ಪುಸ್ತಕ ಹೊಲಿಯುವವರು. ಬೈಂಡರು. ಇಪ್ಪತ್ತೆರಡು ವರ್ಷದಿಂದ ಅದೇ ಸೂಜಿ, ಅದೇ ಮೇಣದ ದಾರ, ಎರಡನೇ ಮಹಡಿಯ ಅದೇ ಕೋಣೆ. ಬೆನ್ನು ಮುರಿದು, ಹಾಳೆ ಉದುರಿ, ಸಾಯಲು ಸಿದ್ಧವಾಗಿ ಬಂದ ಪುಸ್ತಕ ಅವರ ಮೇಜಿನಿಂದ ಮದುಮಗನ ಹಾಗೆ ಎದೆ ಸೆಟೆಸಿಕೊಂಡು ಹೊರಗೆ ಹೋಗುತ್ತಿತ್ತು. ಅವರಿಗೆ ಇದ್ದ ಗರ್ವ ಒಂದೇ, ಅದು ಅವರ ಹತ್ತು ಬೆರಳು.

ಹೋದ ವರ್ಷ ಆ ಹತ್ತು ಬೆರಳೇ ಮುಷ್ಕರ ಹೂಡಿದವು. ಬೆಳಿಗ್ಗೆ ಎದ್ದರೆ ಗಂಟುಗಳು ಊದಿಕೊಂಡು, ಮುಷ್ಟಿ ಕಟ್ಟಲು ಬಾರದು. ಮಂಡಿಗಳೂ ಬೆರಳಿಗೆ ಬೆಂಬಲ ಸೂಚಿಸಿದವು. ನಮ್ಮಕ್ಕ ಬಲವಂತವಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ರಕ್ತ ನೋಡಿದರು, ಕೀಲುಗಳ ಎಕ್ಸ್‌ರೇ ತೆಗೆಸಿದರು. "ಇದು ಕೀಲುವಾತ. ಮೈ ಕಾಯಬೇಕಾದ ಪಡೆಯೇ ಕೀಲುಗಳ ಮೇಲೆ ತಿರುಗಿಬಿದ್ದಿದೆ. ಮಾತ್ರೆ ಇದೆ, ಹತೋಟಿಗೆ ಬರುತ್ತೆ. ಆದ್ರೆ ನಿಧಾನ," ಎಂದರು.

ಭಾವ ಇದರಲ್ಲಿ ಕೇಳಿಸಿಕೊಂಡದ್ದು ಎರಡೇ ಅಕ್ಷರ.

"ವಾತಾನಾ? ಅದು ನಮ್ಮಜ್ಜಿಗೆ ಎಂಬತ್ತರಲ್ಲಿ ಬಂದಿದ್ದು. ನನಗಿನ್ನೂ ಐವತ್ತಾಗಿಲ್ಲ," ಎಂದು ದಾರಿಯುದ್ದಕ್ಕೂ ವಾದ ಮಾಡಿದರು. ಮನೆಗೆ ಬಂದ ಮೇಲೆ ನನ್ನನ್ನು ಮೂಲೆಗೆ ಕರೆದು ಹೇಳಿದ್ದು ಮಾತ್ರ ಬೇರೆ. "ನೋಡಯ್ಯಾ, ಇದು ಹೊರಗೆ ಗೊತ್ತಾಗಬಾರದು. ಬೆರಳು ಬಗ್ಗದ ಬೈಂಡರ್ ಕೈಗೆ ಯಾರು ಪುಸ್ತಕ ಕೊಡ್ತಾರೆ?"

ನಾನು ಶಾಲೆಯಲ್ಲಿ ಚಿತ್ರ ಕಲಿಸುವವನು, ಅಕ್ಕನ ಮನೆಯ ಮಹಡಿಯಲ್ಲೇ ವಾಸ. ಭಾವನ ಮಾತಿಗೆ ತಲೆಯಾಡಿಸುವುದು ನನ್ನ ಬಾಡಿಗೆಯ ಒಂದು ಭಾಗ. ತಲೆಯಾಡಿಸಿದೆ.

ಮರುದಿನವೇ ಆ ಸುಳ್ಳು ಹುಟ್ಟಿತು. ಗ್ರಂಥಾಲಯದ ಮೆಟ್ಟಿಲ ತಿರುವಿನಲ್ಲಿ ಭಾವ ಕಂಬ ಹಿಡಿದು ನಿಂತಿದ್ದಾಗ ಮುಖ್ಯಸ್ಥೆ ಎದುರಾದರು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಾರೆ. ಅವರು ಕೆಮ್ಮಿದರೆ ಓದುವ ಕೋಣೆಯ ಫ್ಯಾನು ಕೂಡ ಮೆಲ್ಲಗೆ ತಿರುಗುತ್ತದೆ ಎಂದು ಪ್ರತೀತಿ.

"ಯಾಕೆ ಕುಂಟ್ತಿದೀರಿ? ಕೈ ಯಾಕೆ ಊದಿದೆ?"

ಭಾವನ ಕಂಕುಳಲ್ಲಿ ರಿಪೇರಿಗೆ ಬಂದಿದ್ದ ಪುಸ್ತಕವೊಂದಿತ್ತು. ರಕ್ಷಾಪುಟದ ಮೇಲೆ ಒಬ್ಬ ಗಡ್ಡದವನು ಕಡಿದಾದ ಬಂಡೆಗೆ ಹಲ್ಲಿಯಂತೆ ಅಂಟಿಕೊಂಡಿದ್ದ. ಭಾವನ ಕಣ್ಣು ಅವನ ಮೇಲೆ ಬಿತ್ತು.

"ಭಾನುವಾರ ಬಂಡೆ ಹತ್ತಿದ್ದೆ ಮೇಡಂ."

ಆ ದಿನ ಕಂಕುಳಲ್ಲಿ ತೋಟಗಾರಿಕೆಯ ಪುಸ್ತಕವಿದ್ದಿದ್ದರೆ ಈ ಕತೆ ಇಷ್ಟು ದೂರ ಬರುತ್ತಿರಲಿಲ್ಲ.

ಮೇಡಂ ಒಂದು ಹೆಜ್ಜೆ ಹಿಂದೆ ಸರಿದು ಭಾವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಭಾವನನ್ನು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು. "ಈ ವಯಸ್ಸಲ್ಲಿ! ಭೇಷ್! ನಮ್ಮಲ್ಲಿ ಎಲ್ಲರೂ ಕೂತು ಕೂತು ಕುರ್ಚಿಗೇ ಬೇರು ಬಿಟ್ಟಿದಾರೆ. ನಿಮ್ಮಂಥೋರು ಮಾದರಿಯಾಗ್ಬೇಕು."

ಸಂಜೆಯೊಳಗೆ ಸೂಚನಾ ಫಲಕದಲ್ಲಿ ಚೀಟಿ ಬಿತ್ತು: 'ನಮ್ಮ ಬೈಂಡರು, ನಮ್ಮ ಬಂಡೆ ವೀರ.' ಎದುರು ಸಿಕ್ಕವರೆಲ್ಲ ಈಗ ಭಾವನ ಊದಿದ ಕೈಯನ್ನು ಭಕ್ತಿಯಿಂದ ಕುಲುಕತೊಡಗಿದರು. ಕೀಲುವಾತದ ಕೈಯನ್ನು ಅಭಿಮಾನಿಗಳು ಕುಲುಕಿದರೆ ಏನಾಗುತ್ತದೆಂದು ಅನುಭವಿಸಿದವರಿಗೇ ಗೊತ್ತು. ಭಾವನ ಕಣ್ಣಲ್ಲಿ ನೀರು ಬರುತ್ತಿತ್ತು. "ಪಾಪ, ಎಷ್ಟು ಭಾವುಕ ಮನುಷ್ಯ," ಎಂದು ಜನ ಇನ್ನೂ ಗಟ್ಟಿಯಾಗಿ ಕುಲುಕುತ್ತಿದ್ದರು.

ವಾರ ಕಳೆಯುವುದರೊಳಗೆ ಮೇಡಂ ಫಲಕಕ್ಕೆ ಒಂದು ಫೋಟೋ ಕೇಳಿದರು. ಭಾವ ಮನೆಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂತರು. ಈಗ ನನ್ನ ಪಾಪದ ಪಾಲು ಹೇಳಬೇಕು. ಉಪಾಯ ಕೊಟ್ಟವನು ನಾನೇ.

ನಮ್ಮ ತಾರಸಿಯ ಗಾರೆ ಒರಟು. ಅದರ ಮೇಲೆ ಭಾವ ಬೋರಲು ಮಲಗಿ ಕೈಕಾಲು ಚಾಚಿದರೆ, ನೀರಿನ ತೊಟ್ಟಿಯ ಮೇಲೆ ನಿಂತು ಫೋಟೋ ತೆಗೆದು, ಅದನ್ನು ನೆಟ್ಟಗೆ ತಿರುಗಿಸಿದರೆ, ಬಂಡೆ! ಭಾವ ಮಲಗಲು ಏಳು ನಿಮಿಷ ಹಿಡಿಯಿತು.

"ಮುಖದಲ್ಲಿ ಸ್ವಲ್ಪ ಕಷ್ಟ ಕಾಣ್ಲಿ ಭಾವ."

"ಅದಕ್ಕೆ ನಟನೆ ಬೇಕಿಲ್ಲ ಕಣಯ್ಯಾ. ಬೇಗ ತೆಗಿ."

ಫೋಟೋ ಅದ್ಭುತವಾಗಿ ಬಂತು. ಭಾವ ಮಾತ್ರ ಏಳಲಿಲ್ಲ. ಏಳಲು ಆಗಲಿಲ್ಲ. ನಾನು ಕಂಕುಳಿಗೆ ಕೈ ಹಾಕಿ ಎಳೆಯುತ್ತಿದ್ದಾಗ ಪಕ್ಕದ ತಾರಸಿಯ ಗೋಡೆಯ ಮೇಲೆ ಒಂದು ಮೀಸೆ ಮೂಡಿತು. ಅದರ ಹಿಂದೆ ನಮ್ಮ ನೆರೆಯವರಿದ್ದರು. ನಿವೃತ್ತ ಪೊಲೀಸು. ಕಂಡದ್ದನ್ನೆಲ್ಲ ಗಂಟೆ ನಿಮಿಷ ಸಮೇತ ಬರೆದಿಡುವ ಚಟ ಅವರನ್ನು ನಿವೃತ್ತಿಯ ಮೇಲೂ ಬಿಟ್ಟಿರಲಿಲ್ಲ. ಬೀದಿಯವರು ಇಟ್ಟ ಹೆಸರು 'ಪಂಚನಾಮೆ'.

"ಏನು ನಡೀತಿದೆ ಅಲ್ಲಿ?"

"ಬಿಸಿಲು ಕಾಯಿಸ್ತಿದಾರೆ ಸಾರ್," ಎಂದೆ.

"ಹೊಟ್ಟೆ ಕೆಳಗೆ ಮಾಡ್ಕೊಂಡಾ?" ಎಂದವರು ಜೇಬಿನಿಂದ ಪುಸ್ತಕ ತೆಗೆದು ಏನೋ ಗೀಚಿದರು. ಅದೇ ಸಂಜೆ ಭಾವ ಸಿಳ್ಳೆ ಹಾಕುತ್ತ ಆರಾಮಾಗಿ ಅವರ ಮುಂದೆಯೇ ಅಂಗಡಿಗೆ ನಡೆದುಹೋದರು. ಪಂಚನಾಮೆಯವರ ಮೀಸೆ ಸೆಟೆಯಿತು. ಬೆಳಿಗ್ಗೆ ಕಂಕುಳಿಗೆ ಕೈ ಹಾಕಿ ಎಳೆದರೂ ಏಳದ ಮನುಷ್ಯ ಸಂಜೆ ಸಿಳ್ಳೆ ಹಾಕುತ್ತಾನೆ ಅಂದರೆ ಇದರಲ್ಲಿ ಏನೋ ಮಸಲತ್ತಿದೆ.

ಇತ್ತ ಅಕ್ಕನಿಗೆ ಬಂಡೆಯ ವಿಷಯವೇ ಗೊತ್ತಿಲ್ಲ. ಅವಳ ಚಿಂತೆ ಕಾರಿನದು. ಗ್ರಂಥಾಲಯದ ಬಾಗಿಲೆದುರು ಗಾಲಿಕುರ್ಚಿಯ ಚಿತ್ರ ಬರೆದ ಒಂದೇ ಒಂದು ಜಾಗ ಸದಾ ಖಾಲಿ. ಭಾವ ಮಾತ್ರ ಮಾರುಕಟ್ಟೆಯ ಹಿಂದೆ ಕಾರು ನಿಲ್ಲಿಸಿ, ಆರುನೂರು ಹೆಜ್ಜೆ ಹಲ್ಲು ಕಚ್ಚಿ ನಡೆದು, ಆಮೇಲೆ ಎರಡು ಮಹಡಿ ಹತ್ತಬೇಕು. ಅಕ್ಕ ಪರವಾನಗಿ ಕಚೇರಿಯಿಂದ ಅರ್ಜಿ ತಂದಳು. ಅದು ಸಿಕ್ಕರೆ ಕಾರಿನ ಗಾಜಿಗೆ ನೀಲಿ ಚೀಟಿ, ಬಾಗಿಲೆದುರೇ ಜಾಗ.

ಅರ್ಜಿ ತುಂಬುವುದೇ ಒಂದು ಯುದ್ಧವಾಯಿತು.

"ನಿಲ್ಲದೆ ಎಷ್ಟು ದೂರ ನಡೆಯಬಲ್ಲಿರಿ?" ಅಕ್ಕ ಓದಿದಳು.

"ಬೇಕಾದಷ್ಟು ಅಂತ ಬರಿ."

"ಬೆಳಿಗ್ಗೆ ಬಚ್ಚಲಿಗೆ ಹೋಗೋವಾಗ ಮೂರು ಕಡೆ ಗೋಡೆ ಹಿಡೀತೀರಲ್ರೀ!"

"ಅದು ಗೋಡೆ ಗಟ್ಟಿಯಿದೆಯಾ ಅಂತ ನೋಡ್ತೀನಿ."

"ಷರಟಿನ ಗುಂಡಿ ತಾವೇ ಹಾಕಿಕೊಳ್ಳಬಲ್ಲಿರಾ?"

"ಹೌದು."

"ಎಷ್ಟು ಹೊತ್ತಲ್ಲಿ ಅಂತಾನೂ ಬರೀಲಾ? ನೀವು ಕೊನೇ ಗುಂಡಿ ಹಾಕೋ ಹೊತ್ತಿಗೆ ಷರಟಿನ ಫ್ಯಾಷನ್ನೇ ಬದಲಾಗಿರುತ್ತೆ."

ಕೊನೆಗೆ ಅಕ್ಕನೇ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದು, ಡಾಕ್ಟರ ಪತ್ರ ಲಗತ್ತಿಸಿ, ಭಾವನ ಕೈ ಹಿಡಿದು ಸಹಿ ಮಾಡಿಸಿ ಕಳಿಸಿದಳು. ಅಂಚೆಗೆ ಹೊರಟಾಗ ಲಕೋಟೆಯ ಮೇಲಿನ ವಿಳಾಸವನ್ನು ಗೇಟಿನಾಚೆಯಿಂದ ಪಂಚನಾಮೆಯವರೂ ಓದಿಕೊಂಡರು.

ಪರವಾನಗಿ ಕಚೇರಿಯವರು ಪದ್ಧತಿಯಂತೆ ಗ್ರಂಥಾಲಯಕ್ಕೊಂದು ಪತ್ರ ಬರೆದರು: 'ತಮ್ಮ ಈ ನೌಕರರ ದೈಹಿಕ ಸಾಮರ್ಥ್ಯದ ಬಗ್ಗೆ ವಿವರ ನೀಡಿ.' ಯಾಕೆಂದು ಬರೆಯಲಿಲ್ಲ. ಕಚೇರಿಗಳು ಯಾಕೆ ಎಂಬುದನ್ನು ಯಾವತ್ತೂ ಬರೆಯುವುದಿಲ್ಲ. ಮೇಡಂ ಓದಿ ಪುಳಕಿತರಾದರು. ಭಾವನಿಗೆ ಯಾವುದೋ ಕ್ರೀಡಾ ಪ್ರಶಸ್ತಿ ಬರಲಿದೆ ಎಂದೇ ಅವರ ತೀರ್ಮಾನ. ಎರಡು ಪುಟದ ಉತ್ತರ ಬರೆದರು: 'ಇವರು ಪ್ರತಿ ಭಾನುವಾರ ಕಡಿದಾದ ಬಂಡೆಗಳನ್ನು ಬರಿಗೈಯಲ್ಲಿ ಏರುತ್ತಾರೆ. ಇವರ ಬೆರಳಿನ ಹಿಡಿತ ಉಕ್ಕಿನಂಥದು. ಗಾಯಗಳಾದರೂ ಒಂದು ದಿನ ರಜೆ ಹಾಕಿದವರಲ್ಲ.' ಜೊತೆಗೆ ಆ ಫೋಟೋ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮೇಡಂ ಭಾವನನ್ನು ಕರೆಸಿ, "ಮುಂದಿನ ತಿಂಗಳು ನಮ್ಮ ಗ್ರಂಥಾಲಯಕ್ಕೆ ಐವತ್ತು ವರ್ಷ. ಮೂರನೇ ಮಹಡಿಯಿಂದ ದೊಡ್ಡ ಬ್ಯಾನರ್ ಇಳಿಬಿಡಬೇಕು. ನೀವೇ ಹಗ್ಗ ಕಟ್ಟಿಕೊಂಡು ಗೋಡೆ ಮೇಲಿಂದ ಇಳಿದು ಕಟ್ಟಿಬಿಡಿ. ಜನ ನೋಡಲಿ!" ಎಂದರು.

ಭಾವ ಮನೆಗೆ ಬಂದು ಆ ರಾತ್ರಿ ಊಟ ಮಾಡಲಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಸ್ಥಿತಿ, ಉಗುಳುವಂತಿಲ್ಲ, ನುಂಗುವಂತಿಲ್ಲ. "ನಿಜ ಹೇಳಿಬಿಡಿ ಭಾವ," ಎಂದೆ. "ಹೇಳಿದ್ರೆ ಕೆಲಸ ಹೋಗುತ್ತೆ," ಎಂದರು. "ಹೇಳದಿದ್ರೆ ನೀವೇ ಹೋಗ್ತೀರಿ," ಎಂದೆ. ಅವರು ಅದನ್ನೂ ತೂಗಿ ನೋಡುತ್ತಿದ್ದಂತೆ ಕಾಣಿಸಿತು.

ಅಷ್ಟರಲ್ಲಿ ಪರವಾನಗಿ ಕಚೇರಿಯಿಂದ ಎರಡನೇ ಪತ್ರ ಬಂತು. 'ತಮ್ಮ ಅರ್ಜಿಗೂ, ತಾವು ಬಂಡೆ ಹತ್ತುತ್ತೀರೆಂಬ ಗ್ರಂಥಾಲಯದ ಉತ್ತರಕ್ಕೂ ಗಂಭೀರ ವ್ಯತ್ಯಾಸಗಳು ಕಂಡುಬಂದಿವೆ. ಜೊತೆಗೆ ನೆರೆಯವರಿಂದ ದೂರು ಬಂದಿದೆ. ವಿಚಾರಣೆಗೆ ಹಾಜರಾಗಿ.' ಗ್ರಂಥಾಲಯಕ್ಕೂ ಒಂದು ಪತ್ರ ಹೋಗಿತ್ತಂತೆ. ಅದರಲ್ಲಿ ಇದ್ದದ್ದು ದಿನಾಂಕ, ಗಂಟೆ, ಸ್ಥಳ ಮಾತ್ರ.

ಭಾವನ ಬಂಡೆ ಪ್ರತಾಪ ಅಕ್ಕನಿಗೆ ತಿಳಿದದ್ದು ಆ ಪತ್ರದಿಂದಲೇ. ಅವಳು ಬೈಯಲಿಲ್ಲ. ಸುಮ್ಮನೆ ನಮ್ಮಿಬ್ಬರನ್ನೂ ಒಂದೊಂದು ನಿಮಿಷ ನೋಡಿದಳು. ಬೈದಿದ್ದರೇ ವಾಸಿಯಿತ್ತು.

ವಿಚಾರಣೆಯ ಕೋಣೆ ಚಿಕ್ಕದು. ಒಂದು ಮೇಜು, ಅದರ ಹಿಂದೆ ಕಡ್ಡಿಯಂಥ ಅಧಿಕಾರಿ, ಪಕ್ಕದಲ್ಲಿ ಕಚೇರಿಯ ಡಾಕ್ಟರಮ್ಮ. ಈ ಕಡೆ ಭಾವ, ಅಕ್ಕ, ನಾನು. ಗೋಡೆ ಬದಿಯ ಬೆಂಚಿನ ಮೇಲೆ ಇಸ್ತ್ರಿ ಮಾಡಿದ ಷರಟಿನಲ್ಲಿ ಪಂಚನಾಮೆ. ಎಲ್ಲರೂ ಕೂತ ಮೇಲೆ ಬಾಗಿಲು ತೆರೆಯಿತು. ಮೇಡಂ ಬಂದರು. ಕೈಯಲ್ಲಿ ಒಂದು ಮೊಳ ಅಗಲದ ಹೂಗುಚ್ಛ.

"ತಡವಾಯ್ತಾ? ಪ್ರದಾನ ಆಗಿಹೋಯ್ತಾ?" ಎಂದರು.

ಅಧಿಕಾರಿ ಕನ್ನಡಕದ ಮೇಲಿಂದ ಹೂಗುಚ್ಛವನ್ನು ನೋಡಿ, ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲವೆಂದು ಖಾತ್ರಿ ಮಾಡಿಕೊಂಡು, ಭಾವನ ಕಡೆ ತಿರುಗಿದರು. "ನಿಮ್ಮ ಅರ್ಜಿ ಪ್ರಕಾರ ನಿಮಗೆ ನಿಲ್ಲದೆ ಐವತ್ತು ಹೆಜ್ಜೆ ನಡೆಯೋಕಾಗಲ್ಲ. ನಿಮ್ಮ ಕಚೇರಿ ಪ್ರಕಾರ ನೀವು ಬರಿಗೈಯಲ್ಲಿ ಬಂಡೆ ಹತ್ತುತ್ತೀರಿ. ಎರಡರಲ್ಲಿ ಯಾವುದಾದ್ರೂ ಒಂದು ಆರಿಸ್ಕೊಳ್ಳಿ."

"ಐವತ್ತು ಹೆಜ್ಜೆನಾ?" ಮೇಡಂ ಹೂಗುಚ್ಛ ಕೆಳಗಿಳಿಸಿದರು.

ಭಾವ ಬಾಯಿ ತೆರೆಯುವಷ್ಟರಲ್ಲಿ ಪಂಚನಾಮೆ ಎದ್ದು ನಿಂತರು. "ಸ್ವಾಮಿ, ಮೊದಲು ನನ್ನ ದಾಖಲೆ ಕೇಳಬೇಕು. ಈ ಮನುಷ್ಯ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ನಲವತ್ತೊಂದು ದಿನ ಬಿಡದೆ ಬರೆದಿದೀನಿ." ಗಂಟಲು ಸರಿಮಾಡಿಕೊಂಡು ಓದತೊಡಗಿದರು:

"ಸೋಮವಾರ. ಬೆಳಿಗ್ಗೆ ಏಳು ಹತ್ತು: ಆರೋಪಿ ಗೇಟು ತೆಗೆಯಲು ಎರಡೂ ಕೈ ಬಳಸಿ ವಿಫಲ. ನಂತರ ಮೊಣಕೈ ಬಳಸಿ ಸಫಲ. ಸಂಜೆ ಐದು: ಅದೇ ಗೇಟು, ಒಂದೇ ಕೈ, ಸಿಳ್ಳೆ ಸಮೇತ. ಬುಧವಾರ. ಬೆಳಿಗ್ಗೆ ಬೂಟಿನ ದಾರ ಹೆಂಡತಿ ಕಟ್ಟಿದರು. ಸಂಜೆ ಆರೋಪಿ ತಾವೇ ಬಿಚ್ಚಿದರು. ಶುಕ್ರವಾರ. ಕಾರಿನಲ್ಲಿ ಕೂತು ಇಳಿಯುವಾಗ ನಾಲ್ಕು ಪ್ರಯತ್ನ. ಹತ್ತು ನಿಮಿಷ ಅಡ್ಡಾಡಿದ ಮೇಲೆ ಸಲೀಸು. ಶನಿವಾರ. ಇಡೀ ದಿನ ಕುಂಟು. ಬಹುಶಃ ಅಭ್ಯಾಸ ನಡೆಸುತ್ತಿದ್ದಾರೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇನ್ನೊಂದ್ಸಲ ಓದಿ."

ಪಂಚನಾಮೆ ಎದೆಯುಬ್ಬಿಸಿ ಇನ್ನೊಂದು ಸಲ ಓದಿದರು. ಡಾಕ್ಟರಮ್ಮ ಕೈ ಚಾಚಿ ಪುಸ್ತಕವನ್ನೇ ತೆಗೆದುಕೊಂಡು ಹಾಳೆ ಮೇಲೆ ಹಾಳೆ ತಿರುವಿದರು. ಅವರ ಮುಖ ಅರಳುತ್ತ ಹೋಯಿತು.

"ಇಷ್ಟು ಚೆನ್ನಾಗಿ ನನ್ನ ರೋಗಿಗಳು ಒಬ್ಬರೂ ಬರೆದು ತಂದಿಲ್ಲ. ಇದೇ ಸ್ವಾಮಿ ಕೀಲುವಾತ! ಮೈ ಸುಮ್ಮನಿದ್ರೆ ಕೀಲು ಬಿಗಿದುಕೊಳ್ಳುತ್ತೆ, ಓಡಾಡಿದ್ರೆ ಸಡಿಲ ಆಗುತ್ತೆ. ಅದಕ್ಕೇ ಬೆಳಿಗ್ಗೆ ಕಷ್ಟ, ಸಂಜೆ ಪರವಾಗಿಲ್ಲ. ಕೆಲವು ದಿನ ಇಡೀ ದಿನ ಕಷ್ಟ. ನಾಟಕ ಆಡೋರು ಬೆಳಗಿಂದ ಸಂಜೆವರೆಗೆ ಒಂದೇ ತರ ಕುಂಟ್ತಾರೆ."

ಪಂಚನಾಮೆ ಮೆಲ್ಲಗೆ ಕೂತರು. ಮೂವತ್ತು ವರ್ಷದ ನೌಕರಿಯಲ್ಲಿ ಅವರು ಬರೆದ ಯಾವ ದಾಖಲೆಯನ್ನೂ ಯಾರೂ ಇಷ್ಟು ಹೊಗಳಿರಲಿಲ್ಲ. ಅದರ ಲಾಭ ಎದುರು ಪಕ್ಷಕ್ಕೆ ಹೋದದ್ದಕ್ಕೆ ಅಳಬೇಕೋ ನಗಬೇಕೋ ಅವರಿಗೆ ತಿಳಿಯಲಿಲ್ಲ.

"ಅದೆಲ್ಲ ಸರಿ," ಅಧಿಕಾರಿ ಫೋಟೋ ಎತ್ತಿ ಹಿಡಿದರು. "ಈ ಬಂಡೆ?"

ಭಾವ ಮೇಜು ಹಿಡಿದು ನಿಧಾನಕ್ಕೆ ಎದ್ದು ನಿಂತರು. ಟೋಪಿ ಇರಲಿಲ್ಲ. ಕಿವಿ ಎರಡೂ ಎಲ್ಲರಿಗೂ ಕಾಣುವಂತಿದ್ದವು.

"ನಾನು ಬಂಡೆ ಹತ್ತಿಲ್ಲ. ಸ್ಟೂಲು ಹತ್ತಿ ಎಂಟು ತಿಂಗಳಾಯ್ತು."

ಕಿವಿ ಕೆಂಪಾಗಲಿಲ್ಲ. ನಾನೂ ಎದ್ದು, "ಅದು ನಮ್ಮ ತಾರಸಿ ಸಾರ್. ಫೋಟೋ ಅಡ್ಡ ತಿರುಗಿಸಿ," ಎಂದೆ. ಅಧಿಕಾರಿ ತಿರುಗಿಸಿದರು. ಭಾವ ಬೋರಲು ಮಲಗಿದ್ದು ಕಾಣಿಸಿತು. ಬಂಡೆಯ ತುದಿಯಲ್ಲಿ ಬಟ್ಟೆಯ ಕ್ಲಿಪ್ಪೊಂದು ಬಿದ್ದಿದ್ದೂ ಕಾಣಿಸಿತು. ಡಾಕ್ಟರಮ್ಮ ಕರವಸ್ತ್ರ ಬಾಯಿಗೆ ಒತ್ತಿಕೊಂಡರು.

ಮೇಡಂ ಮಾತ್ರ ನಗಲಿಲ್ಲ. "ಯಾಕೆ ಸುಳ್ಳು ಹೇಳಿದ್ರಿ?"

"ಕೈ ಹೋಯ್ತು ಅಂದ್ರೆ ಕೆಲಸ ಹೋಯ್ತು ಅಂತ ಹೆದರಿದೆ ಮೇಡಂ. ಹೊಲಿಯೋದು ಬಿಟ್ಟು ನನಗೆ ಬೇರೇನೂ ಬರಲ್ಲ." ಭಾವನ ದನಿ ಸಣ್ಣದಾಯಿತು.

"ಇಷ್ಟು ವರ್ಷದಲ್ಲಿ, ಹರಿದಿದೆ ಅಂತ ನಾನು ಒಂದು ಪುಸ್ತಕನಾದ್ರೂ ಆಚೆ ಎಸೆದಿದ್ದು ನೋಡಿದೀರಾ?"

"ಇಲ್ಲ ಮೇಡಂ."

"ಮತ್ತೆ ಅದನ್ನ ಹೊಲಿಯೋರನ್ನ ಎಸೀತೀನಾ? ಅಷ್ಟೂ ಗೊತ್ತಾಗಲ್ವಾ ನಿಮಗೆ? ಆ ಬ್ಯಾನರ್ ಕೆಲಸಕ್ಕೆ ನಾನು ಹಗ್ಗ ಬೇರೆ ತರಿಸಿದೀನಿ!" ಎಂದು ಗದರಿದ ಮೇಡಂ ಹೂಗುಚ್ಛವನ್ನು ಅಕ್ಕನ ಮಡಿಲಿಗೆ ಹಾಕಿದರು. "ತಗೊಳ್ಳಮ್ಮ. ಇವರ ಜೊತೆ ಸಂಸಾರ ಮಾಡ್ತಿರೋದಕ್ಕೆ."

ಮೂರು ವಾರದಲ್ಲಿ ನೀಲಿ ಚೀಟಿ ಬಂತು. ಅಷ್ಟರೊಳಗೆ ಡಾಕ್ಟರಮ್ಮ, ಭಾವನಿಗೆ ಕೆಲಸ ಸುಲಭವಾಗಲು ಏನೇನು ಬದಲಿಸಬೇಕೆಂದು ಮೇಡಂಗೆ ಒಂದು ಪಟ್ಟಿ ಕಳಿಸಿದ್ದರು. ಅದನ್ನು ಮೇಡಂ ಯುದ್ಧದ ಆಜ್ಞೆಯಂತೆ ಜಾರಿ ಮಾಡಿದರು. ಬೈಂಡಿಂಗ್ ಕೋಣೆ ನೆಲಮಹಡಿಗೆ ಇಳಿಯಿತು, ಹಳೇ ಪತ್ರಿಕೆಗಳು ಎರಡನೇ ಮಹಡಿಗೆ ಏರಿದವು. ಭಾವನ ಕೆಲಸ ಎಂಟಕ್ಕೆ ಬದಲು ಹತ್ತೂವರೆಗೆ ಶುರು. ಕೈಯಿಂದ ಒತ್ತಿ ಹಾಳೆ ಕತ್ತರಿಸುವ ಯಂತ್ರ ಹೋಗಿ ಕರೆಂಟಿನದು ಬಂತು. ದಬ್ಬಳಕ್ಕೆ ದಪ್ಪ ಮರದ ಹಿಡಿ ಕೂತಿತು. ಎತ್ತರ ಹೊಂದಿಸುವ ಕುರ್ಚಿ ಬಂದ ದಿನ ಭಾವ ಅದರಲ್ಲಿ ಕೂರಲು ಸಂಕೋಚಪಟ್ಟರು. ಮರುದಿನ ಅದರಿಂದ ಏಳಲು ಸಂಕೋಚಪಟ್ಟರು. ಬ್ಯಾನರನ್ನು ಬಣ್ಣದವರು ಏಣಿ ಹಾಕಿ ಕಟ್ಟಿದರು.

ಪಂಚನಾಮೆಯವರ ಪ್ರಾಯಶ್ಚಿತ್ತ ಬೇರೆ ಥರದ್ದು. ಮೊದಲ ದಿನ ಭಾವ ಕಾರು ತಂದಾಗ ಅವರು ಸೀಟಿ ಕಚ್ಚಿಕೊಂಡು ಗ್ರಂಥಾಲಯದ ಬಾಗಿಲೆದುರಿನ ಆ ಜಾಗದ ನಡುವೆ ನಿಂತಿದ್ದರು.

"ಚೀಟಿ ತೋರಿಸಿ."

"ನಾನೇ ಕಣ್ರೀ! ನಿಮ್ಮ ಪಕ್ಕದ ಮನೆಯವನು!"

"ಪಕ್ಕದ ಮನೆಗೆ ಕಾನೂನಲ್ಲಿ ರಿಯಾಯಿತಿ ಇಲ್ಲ."

ಭಾವ ಚೀಟಿ ತೋರಿಸಿದರು. ಪಂಚನಾಮೆ ಸಲಾಮು ಹೊಡೆದು, ಸೀಟಿ ಊದಿ, ಇಡೀ ಬೀದಿ ತಿರುಗಿ ನೋಡುವ ಹಾಗೆ ಕಾರನ್ನು ಒಳಗೆ ಬಿಟ್ಟರು. ಆಮೇಲೆ ಬಂದು ಕಾರಿನ ಬಾಗಿಲು ತೆರೆದು ಹಿಡಿದರು.

ಅದೇ ದಿನ ಇನ್ನೊಂದು ಘಟನೆ ನಡೆಯಿತು. ಶಾಲೆಗೆ ರಜೆಯಿದ್ದದ್ದರಿಂದ ನಾನೂ ಜೊತೆಗಿದ್ದೆ. ಹೊಸ ಕೋಣೆಗೆ ದಾರಿ ಓದುವ ಕೋಣೆಯ ಮೂಲಕ. ಅಲ್ಲಿ ಮೂವತ್ತು ಜನ ಉಸಿರಿನ ಸದ್ದೂ ಇಲ್ಲದೆ ಓದುತ್ತಿದ್ದರು. ಬಾಗಿಲ ಬಳಿಯ ಅಜ್ಜನೊಬ್ಬರು, ಸುದ್ದಿ ಮುಟ್ಟದವರು, ಭಾವನನ್ನು ಕಂಡು ಪಿಸುಗುಟ್ಟಿದರು: "ಈ ಸಲ ಯಾವ ಬೆಟ್ಟ?"

ಭಾವ ಪಿಸುಮಾತಿನಲ್ಲೇ ಉತ್ತರಿಸಬೇಕೆಂದಿದ್ದರೋ ಏನೋ. ಆದರೆ ತಿಂಗಳುಗಟ್ಟಲೆ ಅದುಮಿಟ್ಟ ನಿಜ ಮೆಲ್ಲಗೆ ಬರಲು ಒಪ್ಪಲಿಲ್ಲ.

"ಬೆಟ್ಟ ಇಲ್ಲ ಅಜ್ಜಾ! ಕೀಲುವಾತ!"

ಆ ಕೂಗಿಗೆ ಕಪಾಟಿನ ಗಾಜು ನಡುಗಿತು. ಮೂವತ್ತು ಬಾಯಿಗಳಿಂದ ಒಟ್ಟಿಗೆ 'ಶ್ಶ್!' ಬಂತು. ಆಮೇಲೆ ಮತ್ತೆ ಮೌನ. ಆ ಮೌನದಲ್ಲಿ ಕಿಟಕಿ ಕಡೆಯಿಂದ ಒಂದು ಹೆಂಗಸಿನ ದನಿ ಮೆಲ್ಲಗೆ ಕೇಳಿತು.

"ಕೈಗಾ, ಮಂಡಿಗಾ?"

"ಎರಡಕ್ಕೂ," ಎಂದರು ಭಾವ.

"ನನಗೆ ಮಣಿಕಟ್ಟು. ಯಾರಿಗೂ ಹೇಳಿಲ್ಲ."

"ನನಗೆ ಸೊಂಟ," ಎಂದಿತು ದಿನಪತ್ರಿಕೆಯೊಂದು.

"ಬೆಳಿಗ್ಗೆ ಬಿಸಿನೀರಲ್ಲಿ ಕೈ ಇಟ್ಟು ನೋಡಿದೀರಾ?" ಎಂದ ಇನ್ನೊಬ್ಬರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ನೀಲಿ ಚೀಟಿಗೆ ಎಲ್ಲಿ ಅರ್ಜಿ ಹಾಕಬೇಕೆಂದು ಮೂರನೆಯವರು ಕೇಳಿದರು. ಭಾವ ಮೇಜಿನ ಮೇಲೆ ಕೂತು ಕೈಬೆರಳು ತೋರಿಸಿ ವಿವರಿಸತೊಡಗಿದರು. ಐದು ನಿಮಿಷದಲ್ಲಿ ಆ ಕೋಣೆ ಬಸ್ ನಿಲ್ದಾಣವಾಯಿತು.

ಮೇಡಂ ಕೋಣೆಯ ಬಾಗಿಲು ದಢಾರನೆ ತೆರೆಯಿತು.

ಎಲ್ಲರೂ ಕೈಗೆ ಸಿಕ್ಕ ಪುಸ್ತಕದ ಹಿಂದೆ ಅಡಗಿದರು. ಅಜ್ಜ ಹಿಡಿದ ಪತ್ರಿಕೆ ತಲೆಕೆಳಗಾಗಿತ್ತು. ಭಾವ ಮೇಜಿನಿಂದ ಇಳಿಯಲು ನೋಡಿದರು, ಮಂಡಿ ಒಪ್ಪಲಿಲ್ಲ, ಅಲ್ಲೇ ಕೂತರು. ಮೇಡಂ ಗೋಡೆಯ ಮೇಲಿನ 'ಮೌನ' ಎಂಬ ಫಲಕವನ್ನೊಮ್ಮೆ ನೋಡಿದರು. ನಮ್ಮೆಲ್ಲರನ್ನೂ ಒಮ್ಮೆ ನೋಡಿದರು. ಆಮೇಲೆ ಬಲಗೈಯಿಂದ ಒಂದು ಕುರ್ಚಿ ಎಳೆದು, ಭಾವನ ಎದುರಿಗೆ ಹಾಕಿಕೊಂಡು ಕೂತರು.

"ನನಗೆ ಭುಜ," ಎಂದರು ಮೇಡಂ. "ಎಡಗಡೆದು. ಹೂಂ, ಮುಂದುವರಿಸಿ."